ಎಡಗೈಯ ಸ್ಯಾಂಡಿ

"ಮುಖ್ಯವಾಗಿ ಎಡಗೈ ಬಳಸುತ್ತಾನೆ." ಈ ಸಾಲಿನ ಹತ್ತಿರ ನನ್ನ ಕಣ್ಣು ನಿಂತುಬಿಟ್ಟಿತು.

ನಾನೂ ಎಡಚಿ. ಚಿಕ್ಕಂದಿನಲ್ಲಿ ಎಡಗೈಯಲ್ಲಿ ತುತ್ತು ಎತ್ತಿದರೆ ಅಜ್ಜಿ ಕೈ ಮೇಲೆ ಪಟ್ಟಂತ ಹೊಡೆಯುತ್ತಿದ್ದರು. ಅರಿಶಿನ ಕುಂಕುಮ ಕೊಡುವಾಗ, ಅಂಗಡಿಯಲ್ಲಿ ದುಡ್ಡು ಕೊಡುವಾಗ ಇವತ್ತಿಗೂ ಒಂದು ಕ್ಷಣ ತಡೆದು ಬಲಗೈ ಮುಂದೆ ಮಾಡುತ್ತೇನೆ. ಬರವಣಿಗೆ ಮಾತ್ರ ಎಡಗೈಯಲ್ಲೇ ಉಳಿಯಿತು. ಹಾಗಾಗಿ ಎಲ್ಲೇ ಎಡಗೈ ಅಂತ ಕಂಡರೂ ನಮ್ಮವರು ಯಾರೋ ಸಿಕ್ಕ ಹಾಗೆ ಆಗುತ್ತದೆ ನನಗೆ.

ಈ ಸಲ ಸಿಕ್ಕವನ ಹೆಸರು ಸ್ಯಾಂಡಿ. ಊರು ಅಮೆರಿಕದ ವರ್ಜೀನಿಯಾ. 1769ರ ಸೆಪ್ಟೆಂಬರ್ 14ರ 'ವರ್ಜೀನಿಯಾ ಗೆಜೆಟ್' ಪತ್ರಿಕೆಯಲ್ಲಿ ಬಂದ ಒಂದು ಜಾಹೀರಾತಿನಲ್ಲಿ ಅವನು ಇದ್ದಾನೆ. ಜಾಹೀರಾತು ಹೇಳುವುದು ಇಷ್ಟು. ಆಲ್ಬೆಮಾರ್ಲ್‌ನಲ್ಲಿರುವ ನನ್ನ ಬಳಿಯಿಂದ ಸ್ಯಾಂಡಿ ಎಂಬ ಮಿಶ್ರವರ್ಣದ ಗುಲಾಮ ಓಡಿಹೋಗಿದ್ದಾನೆ. ವಯಸ್ಸು ಸುಮಾರು 35. ಆಳು ಗಿಡ್ಡ, ಮೈ ಸ್ವಲ್ಪ ದಪ್ಪ, ತಿಳಿ ಬಣ್ಣ. ಕಸುಬು ಬೂಟು ಹೊಲಿಯುವುದು, ಅದಕ್ಕೆ ಮುಖ್ಯವಾಗಿ ಎಡಗೈ ಬಳಸುತ್ತಾನೆ. ಒರಟಾದ ಮರಗೆಲಸವೂ ಬರುತ್ತದೆ. ಕುದುರೆ ಸವಾರಿಯಲ್ಲಿ ಪಳಗಿದ್ದಾನೆ. ವಿಪರೀತ ಕುಡಿಯುತ್ತಾನೆ, ಕುಡಿದಾಗ ಎದುರು ಮಾತಾಡುತ್ತಾನೆ. ಮಾತಿನಲ್ಲಿ ಬೈಗುಳ ಜಾಸ್ತಿ, ನಡತೆಯಲ್ಲಿ ಬಲು ಚಾಲಾಕಿ. ಹೋಗುವಾಗ ಒಂದು ಬಿಳಿ ಕುದುರೆ ತೆಗೆದುಕೊಂಡು ಹೋಗಿದ್ದಾನೆ. ಬೂಟು ಹೊಲಿಯುವ ಸಲಕರಣೆಗಳನ್ನೂ ಒಯ್ದಿದ್ದಾನೆ, ಅದರಿಂದಲೇ ಎಲ್ಲಾದರೂ ಕೆಲಸ ಹುಡುಕಬಹುದು.

ಕೊನೆಯಲ್ಲಿ ಬಹುಮಾನ. ಇದೇ ಕೌಂಟಿಯಲ್ಲಿ ಹಿಡಿದುಕೊಟ್ಟರೆ 40 ಶಿಲ್ಲಿಂಗ್, ಅಂದರೆ 2 ಪೌಂಡ್. ವರ್ಜೀನಿಯಾದ ಬೇರೆ ಕಡೆ ಹಿಡಿದರೆ 4 ಪೌಂಡ್. ಬೇರೆ ವಸಾಹತಿನಲ್ಲಿ ಹಿಡಿದರೆ 10 ಪೌಂಡ್. ದೂರ ಹೋದಷ್ಟೂ ಅವನ ತಲೆಗೆ ಬೆಲೆ ಏರುತ್ತದೆ. ಅದರ ಕೆಳಗೆ ಜಾಹೀರಾತು ಕೊಟ್ಟವನ ಹೆಸರು: ಥಾಮಸ್ ಜೆಫರ್ಸನ್.

ಆಗ ಜೆಫರ್ಸನ್‌ಗೆ 26 ವರ್ಷ. ಇನ್ನು 7 ವರ್ಷಕ್ಕೆ ಅದೇ ಕೈ "ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ" ಎಂದು ಬರೆಯಿತು.

ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ ಅಂದರೆ ನಮ್ಮ ಮಕ್ಕಳಿಗೆ ಐದಾರು ಪುಟ. ಸ್ಟಾಂಪ್ ಕಾಯ್ದೆ, ಬೋಸ್ಟನ್ ಚಹಾ ಪ್ರಕರಣ, 1776 ಜುಲೈ 4, ವಾಷಿಂಗ್ಟನ್. ಕಾರಣಗಳು, ಪರಿಣಾಮಗಳು. ಹತ್ತು ಅಂಕದ ಪ್ರಶ್ನೆ. ತುಂಬಾ ವರ್ಷ ನಾನೂ ಹಾಗೇ ಮಾಡಿದೆ. ಒಂದು ಬೇಸಿಗೆ ರಜೆಯಲ್ಲಿ, ಸ್ವಾತಂತ್ರ್ಯ ಘೋಷಣೆಯ ಮೂಲ ಹಾಳೆ ಹೇಗಿತ್ತು ಅಂತ ಮಕ್ಕಳಿಗೆ ತೋರಿಸೋಣ ಎಂದು ಲ್ಯಾಪ್‌ಟಾಪ್ ತೆರೆದೆ. ಒಂದು ಚಿತ್ರ ಹುಡುಕಿ ಮಲಗುವ ಯೋಚನೆ ಇತ್ತು. ಆ ರಜೆ ಪೂರ್ತಿ ಅಲ್ಲೇ ಕಳೆಯಿತು.

ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಜೆಫರ್ಸನ್ ಕೈಬರಹದ ಕರಡು ಇದೆ. ನಾಲ್ಕು ಪುಟ. ಯಾರು ಬೇಕಾದರೂ ಮನೆಯಲ್ಲಿ ಕೂತು ನೋಡಬಹುದು, ದೊಡ್ಡದು ಮಾಡಿ ಒಂದೊಂದು ಅಕ್ಷರ ಓದಬಹುದು, ಇಳಿಸಿಕೊಳ್ಳಬಹುದು. ಅಚ್ಚಿನಲ್ಲಿ ನೋಡಿದ ಘೋಷಣೆ ಕಲ್ಲಿನಲ್ಲಿ ಕೆತ್ತಿದ ಹಾಗೆ ಕಾಣುತ್ತದೆ ಅಲ್ವಾ? ಕರಡಿನಲ್ಲಿ ಹಾಗಲ್ಲ. ಗೀಟು ಹಾಕಿದ್ದಾರೆ, ಮೇಲೆ ಬರೆದಿದ್ದಾರೆ, ಅಂಚಿನಲ್ಲಿ ಸೇರಿಸಿದ್ದಾರೆ. ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಜಾನ್ ಆಡಮ್ಸ್ ಮಾಡಿದ ತಿದ್ದುಪಡಿಗಳೂ ಅಲ್ಲಿವೆ. ನಮ್ಮ ಮಕ್ಕಳ ಉತ್ತರ ಪತ್ರಿಕೆ ನೋಡಿದ ಹಾಗೆ ಆಯಿತು. ಯೋಚನೆ ಎಲ್ಲಿ ತಡವರಿಸಿತು, ಎಲ್ಲಿ ತಿರುಗಿತು ಅಂತ ಕಾಣುತ್ತದೆ.

ಅದರಲ್ಲೊಂದು ಜಾಗ ಇದೆ. ಅಲ್ಲಿ ನಾಗರಿಕರು ಎನ್ನುವ ಅರ್ಥದ 'ಸಿಟಿಜನ್ಸ್' ಎಂಬ ಪದ ಒಂದು ಮಸಿ ಕಲೆಯ ಮೇಲೆ ಕೂತಿದೆ. ಕೆಳಗೆ ಏನಿತ್ತು ಎಂದು ಬಹಳ ಕಾಲ ಯಾರಿಗೂ ಖಚಿತವಾಗಿ ಓದಲು ಬಂದಿರಲಿಲ್ಲ. 2010ರಲ್ಲಿ ಲೈಬ್ರರಿಯ ತಜ್ಞರು ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ಆ ಹಾಳೆಯ ಚಿತ್ರ ತೆಗೆದರು. ಕೆಳಗಿದ್ದ ಪದ 'ಸಬ್ಜೆಕ್ಟ್ಸ್'. ರಾಜನ ಕೈಕೆಳಗಿನವರು ಅಂತ. ಜೆಫರ್ಸನ್ ಮೊದಲು ಅಭ್ಯಾಸಬಲದಿಂದ ಅದನ್ನು ಬರೆದಿದ್ದಾನೆ. ಮಸಿ ಆರುವ ಮೊದಲೇ ಕೈಯಲ್ಲಿ ಉಜ್ಜಿ, ಮೇಲೆ ಹೊಸ ಪದ ಬರೆದಿದ್ದಾನೆ. ಬೇರೆ ಕಡೆಗಳಲ್ಲಿ ಬರೀ ಗೀಟು ಹಾಕಿದವನು ಇಲ್ಲಿ ಮಾತ್ರ ಉಜ್ಜಿ ಅಳಿಸಿದ. ಆ ಮಸಿ ಕಲೆಯನ್ನು ನಾನು ಎಷ್ಟು ಹೊತ್ತು ನೋಡಿದೆನೋ.

ಇದನ್ನು ಕನ್ನಡದಲ್ಲಿ ಪಾಠ ಮಾಡಲು ಹೋದಾಗ ಒಂದು ಕಷ್ಟ ಎದುರಾಯಿತು. ನಮ್ಮಲ್ಲಿ ರಾಜನ ಆಳ್ವಿಕೆಯಲ್ಲಿರುವವನೂ ಪ್ರಜೆ, ಓಟು ಹಾಕುವವನೂ ಪ್ರಜೆ. 1881ರಲ್ಲಿ ಮೈಸೂರಿನಲ್ಲಿ ಶುರುವಾದದ್ದು ಪ್ರಜಾಪ್ರತಿನಿಧಿ ಸಭೆ. ಈಗ ನಡೆಯುತ್ತಿರುವುದು ಪ್ರಜಾಪ್ರಭುತ್ವ. ಮಹಾರಾಜರು ಹೋದರೂ ಪದ ಬದಲಾಗಲಿಲ್ಲ. ಬೋರ್ಡಿನ ಮೇಲೆ 'ಪ್ರಜೆ' ಎಂದು ಬರೆದು, ಅಂಗೈಯಲ್ಲಿ ಉಜ್ಜಿ, ಅದರ ಮೇಲೆ 'ನಾಗರಿಕ' ಎಂದು ಬರೆದೆ. ಸೀಮೆಸುಣ್ಣದ ಕಲೆ ಉಳಿಯಿತು. "ಎರಡೂ ಒಂದೇ ಅಲ್ವಾ ಮೇಡಂ?" ಎಂದು ಒಬ್ಬಳು ಕೇಳಿದಳು. ಆ ದಿನದ ಪೀರಿಯಡ್ ಪೂರ್ತಿ ಆ ಪ್ರಶ್ನೆಗೇ ಹೋಯಿತು. ಸಿಲೆಬಸ್ ಒಂದಿನಿತೂ ಮುಂದೆ ಹೋಗಲಿಲ್ಲ. ನನಗೆ ಬೇಜಾರಾಗಲಿಲ್ಲ.

ಅದೇ ಕರಡಿನಲ್ಲಿ ಇನ್ನೊಂದು ಉದ್ದದ ಭಾಗವಿದೆ. ಗುಲಾಮರ ವ್ಯಾಪಾರಕ್ಕೆ ಇಂಗ್ಲೆಂಡಿನ ರಾಜ ಮೂರನೇ ಜಾರ್ಜನೇ ಕಾರಣ ಎಂದು ಜೆಫರ್ಸನ್ ಅಲ್ಲಿ ಬೈಯುತ್ತಾನೆ. ಮನುಷ್ಯರನ್ನು ಕೊಂಡು ಮಾರುವ ಸಂತೆ ತೆರೆದಿಡಲು ರಾಜ ಹಟ ಹಿಡಿದಿದ್ದಾನೆ ಎನ್ನುವ ಕಡೆ, ಮನುಷ್ಯರು ಎನ್ನುವ ಅರ್ಥದ 'MEN' ಎಂಬ ಪದವನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದಿದ್ದಾನೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಇಲ್ಲ. ಆದರೂ ಆ ಮೂರು ಅಕ್ಷರ ನೋಡಿದರೆ ಬರೆಯುವಾಗ ಲೇಖನಿ ಒತ್ತಿದ್ದು ಗೊತ್ತಾಗುತ್ತದೆ. ಆ ಭಾಗವನ್ನು ಕಾಂಗ್ರೆಸ್ ಸಭೆ ಪೂರ್ತಿ ತೆಗೆದುಹಾಕಿತು. ದಕ್ಷಿಣ ಕ್ಯಾರೊಲಿನಾ ಮತ್ತು ಜಾರ್ಜಿಯಾದವರಿಗಾಗಿ ತೆಗೆದರು, ಉತ್ತರದವರಿಗೂ ಸ್ವಲ್ಪ ಇರುಸುಮುರುಸಾಗಿತ್ತು ಎಂದು ಜೆಫರ್ಸನ್ ವಯಸ್ಸಾದ ಮೇಲೆ ಆತ್ಮಕಥೆಯಲ್ಲಿ ಬರೆದ. ಇದನ್ನು ಬರೆದವನು ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ.

ಆ 600 ಜನ ಯಾರು? ಆ ಪ್ರಶ್ನೆ ಹಿಡಿದುಕೊಂಡು 'ಫೌಂಡರ್ಸ್ ಆನ್‌ಲೈನ್'ಗೆ ಹೋದೆ. ಇದು ಅಮೆರಿಕದ ರಾಷ್ಟ್ರೀಯ ಪತ್ರಾಗಾರ 2013ರಲ್ಲಿ ತೆರೆದ ತಾಣ. ವಾಷಿಂಗ್ಟನ್, ಆಡಮ್ಸ್, ಫ್ರಾಂಕ್ಲಿನ್, ಜೆಫರ್ಸನ್, ಹ್ಯಾಮಿಲ್ಟನ್, ಮ್ಯಾಡಿಸನ್ ಬರೆದ, ಅವರಿಗೆ ಬಂದ ಪತ್ರಗಳು 1 ಲಕ್ಷ 80 ಸಾವಿರಕ್ಕೂ ಹೆಚ್ಚು ಅಲ್ಲಿವೆ. ಒಂದು ಪದ ಹಾಕಿದರೆ ಎಲ್ಲವನ್ನೂ ಜಾಲಾಡಿ ಕೊಡುತ್ತದೆ. ಅಲ್ಲೇ ಸ್ಯಾಂಡಿ ಸಿಕ್ಕಿದ್ದು.

ಜಾಹೀರಾತು ಓದಿದ ಮೇಲೆ ನನಗೆ ತಟ್ಟನೆ ನೆನಪಾದದ್ದು ನಮ್ಮ ಪೇಪರಿನ 'ಕಾಣೆಯಾಗಿದ್ದಾರೆ' ಪ್ರಕಟಣೆಗಳು. ಐದು ಅಡಿ ನಾಲ್ಕು ಇಂಚು ಎತ್ತರ, ಎಣ್ಣೆಗೆಂಪು ಮೈಬಣ್ಣ, ಕೋಲುಮುಖ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾರೆ. ಮನೆಯವರು ಪೊಲೀಸರ ಮುಂದೆ ಕೂತು ಒಂದೊಂದೇ ಗುರುತು ಹೇಳಿ ಬರೆಸಿದ್ದು ಅದು. ಸ್ಯಾಂಡಿಯ ಗುರುತು ಹೇಳಿದವನೂ ಅವನನ್ನು ಹತ್ತಿರದಿಂದ ನೋಡಿದವನೇ. ಯಾವ ಕೈಯಲ್ಲಿ ಹೊಲಿಯುತ್ತಾನೆ ಎನ್ನುವುದೂ ಗೊತ್ತಿತ್ತು. ಆ ಗುರುತು ಬಂದದ್ದು ಹಿಡಿಯಲಿಕ್ಕೆ. ಮಾಲೀಕನಿಗೆ ಚಾಲಾಕಿ ಅನಿಸಿದ್ದು ಏನಿರಬಹುದು? ಮುಂದಾಲೋಚನೆ ಮಾಡುತ್ತಾನೆ, ಮನಸ್ಸಿನಲ್ಲಿದ್ದದ್ದನ್ನು ಮುಖದಲ್ಲಿ ತೋರಿಸುವುದಿಲ್ಲ. ಕುಡಿದಾಗ ಎದುರು ಮಾತಾಡುತ್ತಾನೆ ಅಂದರೆ, ಕುಡಿಯದೇ ಇದ್ದಾಗ ಎಷ್ಟು ಮಾತು ನುಂಗಿಕೊಳ್ಳುತ್ತಿದ್ದನೋ. ಬೈದು ಬರೆದ ಸಾಲುಗಳಲ್ಲೇ ಒಬ್ಬ ಮನುಷ್ಯ ಎದ್ದು ನಿಲ್ಲುತ್ತಾನೆ. ಆದರೆ ಅವನು ಓಡಿಹೋಗದೇ ಇದ್ದಿದ್ದರೆ ಅವನ ಎಡಗೈ ವಿಷಯ ನನಗೆ ತಿಳಿಯುತ್ತಲೇ ಇರಲಿಲ್ಲ. ಈ ಮಾತು ಇನ್ನೂ ನನ್ನನ್ನು ಕಾಡುತ್ತದೆ.

ಇಂಥ ಜಾಹೀರಾತುಗಳು ಸಾವಿರಾರು. ಅವನ್ನೆಲ್ಲ ಒಂದೆಡೆ ಸೇರಿಸುವ ಕೆಲಸವನ್ನು ಕಾರ್ನೆಲ್ ವಿಶ್ವವಿದ್ಯಾಲಯದವರು 'ಫ್ರೀಡಂ ಆನ್ ದ ಮೂವ್' ಎಂಬ ಹೆಸರಿನಲ್ಲಿ ಮಾಡುತ್ತಿದ್ದಾರೆ. ಸುಮ್ನೆ ಒಂದು ಸಂಜೆ ಕೂತು ಓದುತ್ತಾ ಹೋಗಿ. ಒಬ್ಬ ಪಿಟೀಲು ನುಡಿಸುತ್ತಾನೆ, ಒಬ್ಬಳ ಬೆನ್ನಿನ ಮೇಲೆ ಬಾಸುಂಡೆ, ಒಬ್ಬಳು ಗಂಡನ ಹತ್ತಿರ ಹೋಗುತ್ತಿರುವ ಹೆಂಡತಿ. ತುಂಬಾ ಹೊತ್ತು ಓದಲಾಗುವುದಿಲ್ಲ. ಎದ್ದು ಹೋಗಿ ನೀರು ಕುಡಿದು ಬರಬೇಕಾಗುತ್ತದೆ.

ಹುಡುಕುವುದಕ್ಕೂ ಸ್ವಲ್ಪ ಪಳಗಬೇಕು. ಲೈಬ್ರರಿ ಆಫ್ ಕಾಂಗ್ರೆಸ್‌ನ 'ಕ್ರಾನಿಕ್ಲಿಂಗ್ ಅಮೆರಿಕ'ದಲ್ಲಿ ಹಳೆಯ ಪತ್ರಿಕೆಗಳ 2 ಕೋಟಿಗೂ ಹೆಚ್ಚು ಪುಟಗಳಿವೆ. ಅವನ್ನು ಓದಿ ಅಕ್ಷರ ಮಾಡಿರುವುದು ಯಂತ್ರ. ಮಸಿ ಹರಡಿದ ಕಡೆ ಯಂತ್ರ ತಪ್ಪು ಓದುತ್ತದೆ. 18ನೇ ಶತಮಾನದ ಅಚ್ಚಿನಲ್ಲಿ ಇಂಗ್ಲಿಷಿನ 'ಎಸ್' ಅಕ್ಷರಕ್ಕೆ ಉದ್ದನೆಯ ಒಂದು ರೂಪ ಇತ್ತು, ನೋಡಲು ಥೇಟ್ 'ಎಫ್' ಥರ. ಹಾಗಾಗಿ ಆ ಕಾಲದ ಪುಟಗಳಲ್ಲಿ 'ಸ್ಲೇವ್' ಎಂದು ಹುಡುಕಿದರೆ ಸಿಗದೇ ಹೋದದ್ದು 'ಫ್ಲೇವ್' ಎಂದು ಹುಡುಕಿದರೆ ಸಿಗುತ್ತದೆ. ಹಳಗನ್ನಡ ಪದ್ಯದಲ್ಲಿ ೞ ಕಂಡು ಮಕ್ಕಳು ತಬ್ಬಿಬ್ಬಾಗುತ್ತಾರಲ್ಲ, ಹಾಗೆ. ಪದಗಳೂ ಅಷ್ಟೇ. ನಮ್ಮ ಕಾಲದ ಮರ್ಯಾದೆಯ ಪದ ಹಾಕಿದರೆ ಏನೂ ಬರುವುದಿಲ್ಲ. ಅವರು ಆಗ ಏನೆಂದು ಕರೆಯುತ್ತಿದ್ದರೋ ಆ ಪದವನ್ನೇ ಟೈಪ್ ಮಾಡಬೇಕು. ಕೆಲವು ಪದಗಳನ್ನು ಟೈಪ್ ಮಾಡುವಾಗ ಬೆರಳು ಹಿಂಜರಿಯುತ್ತದೆ.

ಕೈಬರಹ ಇನ್ನೂ ಬೇರೆ. ಲೈಬ್ರರಿ ಆಫ್ ಕಾಂಗ್ರೆಸ್ 2018ರಲ್ಲಿ 'ಬೈ ದ ಪೀಪಲ್' ಎಂಬ ಕೆಲಸ ಶುರು ಮಾಡಿತು. ಕೈಬರಹದ ಪುಟಗಳನ್ನು ಓದಿ ಅಕ್ಷರಕ್ಕೆ ಇಳಿಸಲು ಯಾರು ಬೇಕಾದರೂ ಕೈಜೋಡಿಸಬಹುದು. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ, ಮುಂದೆ 1881ರಲ್ಲಿ ಅಮೆರಿಕನ್ ರೆಡ್ ಕ್ರಾಸ್ ಕಟ್ಟಿದ ಕ್ಲಾರಾ ಬಾರ್ಟನ್‌ಳ ದಿನಚರಿ ಪುಟಗಳನ್ನು ನಾನು ಕೆಲವು ರಾತ್ರಿ ಓದಿ ಟೈಪ್ ಮಾಡಿದೆ. ಮೊದಲ ಪುಟಕ್ಕೆ ಒಂದೂವರೆ ಗಂಟೆ ಹಿಡಿಯಿತು. ಅಜ್ಜನ ಅಡಿಕೆ ಲೆಕ್ಕದ ಪುಸ್ತಕ ಓದುವುದನ್ನು ಹೀಗೇ ಕಲಿತಿದ್ದೆ. ಒಂದು ಗೊತ್ತಿರುವ ಪದ ಹಿಡಿ, ಅದರ ಅಕ್ಷರದ ತಿರುವು ನೋಡು, ಆಮೇಲೆ ಗೊತ್ತಿಲ್ಲದ್ದಕ್ಕೆ ಹೋಗು.

ಸ್ಯಾಂಡಿಗಾದರೂ ಹೆಸರಿತ್ತು. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿ ನೋಡಿದಾಗ ನನಗೆ ಅದೂ ದೊಡ್ಡದು ಅನಿಸಿತು. ಆ ಹಾಳೆಗಳ ಚಿತ್ರಗಳು 'ಫ್ಯಾಮಿಲಿ ಸರ್ಚ್'ನಲ್ಲಿ ಉಚಿತವಾಗಿ ಸಿಗುತ್ತವೆ. ಎಡಗಡೆ ಮಾಲೀಕನ ಹೆಸರು, ಚೆಂದದ ಅಕ್ಷರದಲ್ಲಿ. ಅದರ ಮುಂದೆ ಸಾಲು ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಹೆಸರಿನ ಕಾಲಂ ಇಲ್ಲ. 40, ಗಂಡು. 35, ಹೆಣ್ಣು. 12, ಹೆಣ್ಣು. 6/12, ಗಂಡು. ಈ 6/12 ಏನು ಅಂತ ನನಗೆ ಮೊದಲು ಹೊಳೆಯಲಿಲ್ಲ. ಹನ್ನೆರಡರಲ್ಲಿ ಆರು ಭಾಗ, ಅಂದರೆ ಆರು ತಿಂಗಳ ಕೂಸು. ಪಕ್ಕದಲ್ಲಿ ಇನ್ನೊಂದು ಕಾಲಂ, ರಾಜ್ಯ ಬಿಟ್ಟು ಓಡಿಹೋದವರೆಷ್ಟು ಎಂದು. 1860ರಲ್ಲಿ ಇಂಥ ಸಾಲುಗಳಲ್ಲಿ ಸುಮಾರು 39.5 ಲಕ್ಷ ಜನ ಇದ್ದರು. ಬಿಡುಗಡೆಯಾದ ಮೇಲೆ, 1870ರ ಗಣತಿಯಲ್ಲಿ, ಅವರ ಹೆಸರುಗಳು ಉಳಿದ ಎಲ್ಲರ ಹೆಸರಿನ ಜೊತೆ ಬಂದವು. ತಮ್ಮ ಮನೆತನ ಹುಡುಕುವ ಕಪ್ಪು ಅಮೆರಿಕನ್ನರು ಇವತ್ತಿಗೂ 1870ಕ್ಕೆ ಬಂದು ಗೋಡೆಗೆ ಹಾಯ್ದ ಹಾಗೆ ನಿಲ್ಲುತ್ತಾರೆ.

ಹೆಸರು ಸಿಕ್ಕಿದ ಕೂಡಲೇ ಆ ಜನ ಏನು ಮಾಡಿದರು ಗೊತ್ತಾ? ಜಾಹೀರಾತು ಕೊಟ್ಟರು. ತಮ್ಮವರನ್ನು ಹುಡುಕಲಿಕ್ಕೆ. ವಿಲನೋವಾ ವಿಶ್ವವಿದ್ಯಾಲಯದ 'ಲಾಸ್ಟ್ ಸೀನ್' ಎಂಬ ಸಂಗ್ರಹದಲ್ಲಿ ಅವು ಸಾವಿರಾರು ಇವೆ. ನ್ಯೂ ಆರ್ಲಿಯನ್ಸ್‌ನ ಒಂದು ಕ್ರೈಸ್ತ ಪತ್ರಿಕೆಯಲ್ಲಿ 'ಕಳೆದುಹೋದ ಬಂಧುಗಳು' ಅನ್ನುವ ಅರ್ಥದ ಅಂಕಣವೇ ಇತ್ತು. ಚಂದಾದಾರರಿಗೆ ಉಚಿತ, ಉಳಿದವರಿಗೆ 50 ಸೆಂಟ್. ಪಾದ್ರಿಗಳು ಇದನ್ನು ಚರ್ಚಿನಲ್ಲಿ ಎಲ್ಲರಿಗೂ ಕೇಳುವಂತೆ ಓದಬೇಕು ಎಂದು ಮೇಲೆ ಕೋರಿಕೆ. ಓದು ಬಾರದವರೇ ಜಾಸ್ತಿ ಇದ್ದರಲ್ಲ, ಅದಕ್ಕೆ. ನನ್ನ ಅಮ್ಮನ ಹೆಸರು ಇದು, ಅವಳ ಮಾಲೀಕ ಇಂಥವನು, ನಮ್ಮನ್ನು ಇಂಥ ಊರಿನಲ್ಲಿ ಮಾರಿದರು, ಆಗ ನಾನು ಇಷ್ಟು ಚಿಕ್ಕವಳು. ಇಪ್ಪತ್ತು, ಮೂವತ್ತು ವರ್ಷ ಆದ ಮೇಲೂ ಹುಡುಕುತ್ತಿದ್ದಾರೆ. ಇಲ್ಲಿ ಎತ್ತರ, ಮೈಬಣ್ಣದ ಗುರುತು ಅಷ್ಟಾಗಿ ಇಲ್ಲ. ಮಗುವಾಗಿದ್ದಾಗ ನೋಡಿದ ಮುಖಕ್ಕೆ ಏನು ಗುರುತು ಹೇಳುವುದು? ಹೆಸರುಗಳನ್ನಷ್ಟೇ ಹೇಳುತ್ತಾರೆ. ಅಣ್ಣ, ತಂಗಿ, ದೊಡ್ಡಮ್ಮ, ಒಂದೂ ಬಿಡದೆ. ಈ ಜಾಹೀರಾತುಗಳನ್ನೂ ಸ್ಯಾಂಡಿಯ ಜಾಹೀರಾತನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಪ್ರಿಂಟ್ ಹಾಕಿ ಮಕ್ಕಳಿಗೆ ಹಂಚಿದೆ. ನಾನು ಏನೂ ವಿವರಿಸಲಿಲ್ಲ.

ದಾಖಲೆ ಸಿಕ್ಕಿತು ಎಂದ ಮಾತ್ರಕ್ಕೆ ಅದನ್ನು ಹಾಗೇ ನಂಬುವಂತಿಲ್ಲ ಎನ್ನುವುದನ್ನು ನನಗೆ ಕಲಿಸಿದ್ದು ಚಾರ್ಲ್ಸ್‌ಟನ್ ಊರಿನ ಒಬ್ಬ ಮುದುಕಿ. 1936ರಿಂದ 38ರವರೆಗೆ ಅಮೆರಿಕದ ಸರ್ಕಾರ ಕೆಲಸವಿಲ್ಲದ ಬರಹಗಾರರಿಗೆ ಒಂದು ಕೆಲಸ ಕೊಟ್ಟಿತು. ಗುಲಾಮರಾಗಿದ್ದು ಇನ್ನೂ ಬದುಕಿದ್ದ ವೃದ್ಧರನ್ನು ಕಂಡು ಅವರ ಮಾತು ಬರೆದುಕೊಳ್ಳುವುದು. ಹಾಗೆ ಬರೆದ 2,300ಕ್ಕೂ ಹೆಚ್ಚು ಕಥನಗಳು ಲೈಬ್ರರಿ ಆಫ್ ಕಾಂಗ್ರೆಸ್‌ನ ತಾಣದಲ್ಲಿವೆ. ಅದರಲ್ಲಿ ದಕ್ಷಿಣ ಕ್ಯಾರೊಲಿನಾದ ಸೂಸನ್ ಹ್ಯಾಮ್ಲಿನ್ ಎಂಬವಳನ್ನು ಇಬ್ಬರು ಬೇರೆ ಬೇರೆಯಾಗಿ ಮಾತಾಡಿಸಿದ್ದಾರೆ. ಒಬ್ಬಳು ಬಿಳಿ ಹೆಂಗಸು, ಇನ್ನೊಬ್ಬ ಕಪ್ಪು ಗಂಡಸು. ಬಿಳಿ ಹೆಂಗಸು ಬಂದಾಗ ಮುದುಕಿ, ಇವಳು ಸರ್ಕಾರದ ನೆರವು ಕೊಡುವ ಕಚೇರಿಯವಳು ಎಂದುಕೊಂಡಿದ್ದಾಳೆ. ನಮ್ಮ ಯಜಮಾನ ಒಳ್ಳೆಯವನು ಎಂದು ಹೇಳಿದ್ದಾಳೆ. ಕಪ್ಪು ಗಂಡಸಿನ ಮುಂದೆ ಅದೇ ಮುದುಕಿ ಚಾಟಿಯೇಟಿನ ಮಾತು ಎತ್ತುತ್ತಾಳೆ. ಒಂದೇ ಮಗುವಿದ್ದ ತಾಯಿಯಿಂದಲೂ ಮಗುವನ್ನು ಕಿತ್ತು ಮಾರುತ್ತಿದ್ದರು, ಹಗಲೂ ರಾತ್ರಿ ಜನ ಕಿರುಚಿ ಅಳುವುದು ಕೇಳುತ್ತಿತ್ತು ಎನ್ನುತ್ತಾಳೆ.

ನಾನು ಎರಡನೆಯದನ್ನು ನಂಬುತ್ತೇನೆ. ಮೊದಲನೆಯದೂ ನನಗೆ ಸುಳ್ಳು ದಾಖಲೆಯಲ್ಲ. ಬಡತನದಲ್ಲಿರುವ ಮುದುಕಿ, ನೆರವು ಕೈತಪ್ಪಬಹುದೆಂಬ ಭಯ, ಎದುರಿಗೆ ಬಿಳಿ ಹೆಂಗಸು. 1937ರ ಚಾರ್ಲ್ಸ್‌ಟನ್ ಹೇಗಿತ್ತು ಎನ್ನುವುದು ಅದರಲ್ಲಿದೆ. ನಮ್ಮ ಊರಲ್ಲೂ ಪಡಿತರ ಚೀಟಿಯ ಸರ್ವೆಗೆ ಬಂದವರ ಮುಂದೆ ಹಿರಿಯರು ಆಡುವ ಮಾತು ಒಂದು, ರಾತ್ರಿ ಜಗಲಿಯಲ್ಲಿ ಆಡುವ ಮಾತು ಇನ್ನೊಂದು. ಬರೆದುಕೊಂಡವರು ಯಾರು, ಯಾಕೆ ಬಂದಿದ್ದರು ಎಂದು ನೋಡದೆ ನಾನು ಈಗ ಯಾವ ಪುಟವನ್ನೂ ಓದುವುದಿಲ್ಲ.

ಕೆಲವರ ದನಿಯೂ ಉಳಿದಿದೆ. 1949ರಲ್ಲಿ ಬಾಲ್ಟಿಮೋರ್‌ನಲ್ಲಿ ಧ್ವನಿಮುದ್ರಿಸಿದ ಫೌಂಟನ್ ಹ್ಯೂಸ್ ಎಂಬ ಅಜ್ಜನ ಮಾತು ಕೇಳಿ. ತನಗೆ 101 ವರ್ಷ, ತನ್ನ ಅಜ್ಜ ಥಾಮಸ್ ಜೆಫರ್ಸನ್‌ನ ಆಳಾಗಿದ್ದ ಎನ್ನುತ್ತಾನೆ. ದನಿ ಗಟ್ಟಿಯಾಗಿದೆ, ನಿಧಾನ. ಸಾಲ ಮಾಡಬೇಡಿ, ದುಡ್ಡು ಕೂಡಿಟ್ಟು ಸಾಮಾನು ಕೊಳ್ಳಿ ಅಂತ ನಮ್ಮ ಮನೆಯ ಅಜ್ಜಂದಿರ ಹಾಗೇ ಬುದ್ಧಿ ಹೇಳುತ್ತಾನೆ. ಆಮೇಲೆ ಅದೇ ದನಿಯಲ್ಲಿ, ಮತ್ತೆ ಗುಲಾಮನಾಗಬೇಕಾಗುತ್ತದೆ ಎಂದು ಗೊತ್ತಾದರೆ ಬಂದೂಕು ತೆಗೆದುಕೊಂಡು ಎಲ್ಲವನ್ನೂ ಮುಗಿಸಿಬಿಡುತ್ತೇನೆ, ಯಾಕಂದರೆ ಆಗ ನೀನು ಬರೀ ನಾಯಿ ಎನ್ನುತ್ತಾನೆ. ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ್ದೂ ಗೊತ್ತಾಗಲಿಲ್ಲ.

ನಮ್ಮವರು ಆ ಪುಟಗಳಲ್ಲಿ ಇದ್ದಾರಾ ಎಂಬ ಆಸೆ ಯಾರಿಗಾದರೂ ಬರುತ್ತದೆ. ಇದ್ದಾರೆ. 1900ರ ನಂತರದ ಅಮೆರಿಕದ ಪತ್ರಿಕೆಗಳಲ್ಲಿ 'ಹಿಂದೂ' ಎಂದು ಹುಡುಕಿದರೆ ಸಿಗುವವರಲ್ಲಿ ಬಹಳ ಜನ ಪಂಜಾಬಿನ ಸಿಖ್ಖರು. ಅವರಿಗೆ ಭಾರತದಿಂದ ಬಂದವರೆಲ್ಲ ಹಿಂದೂಗಳೇ. 1907ರ ಸೆಪ್ಟೆಂಬರ್ 4ರ ರಾತ್ರಿ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಮರದ ಮಿಲ್ಲಿನ ಇಂಥ ಕೂಲಿಗಳನ್ನು ನೂರಾರು ಬಿಳಿಯರ ಗುಂಪು ಹೊಡೆದು ಊರು ಬಿಡಿಸಿತು. 1923ರಲ್ಲಿ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ತಿಂದ್ ಅವರ ಮೊಕದ್ದಮೆಯಲ್ಲಿ, ಭಾರತೀಯರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಎಂದಿತು. ತಿಂದ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆ ತೀರ್ಪಿನಿಂದ ಪೌರತ್ವ ಕಳೆದುಕೊಂಡವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೈಷ್ಣೋ ದಾಸ್ ಬಾಗೈ ಒಬ್ಬರು. ಹೆಂಡತಿ ಕಲಾ, ಮೂವರು ಗಂಡುಮಕ್ಕಳ ಜೊತೆ 1915ರಲ್ಲಿ ಹೋದವರು. 1928ರಲ್ಲಿ ಪ್ರಾಣ ಕಳೆದುಕೊಂಡರು. ಅವರ ಮನೆಯ ಫೋಟೋಗಳು, ಕಾಗದಗಳು ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್‌ನಲ್ಲಿವೆ. ಅಲ್ಲೇ ಹೋಗಿ ನೋಡಿ, ನಾನು ಇಲ್ಲಿ ಎರಡು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಅದು.

ಕನ್ನಡ ನಾಡಿನವರೂ ಸಿಗುತ್ತಾರೆ. ಧಾರವಾಡದಲ್ಲಿ ಹುಟ್ಟಿದ ಡಾ. ನಾ. ಸು. ಹರ್ಡೀಕರ್ ನಮಗೆ ಸೇವಾದಳ ಕಟ್ಟಿದವರಾಗಿ ಗೊತ್ತು. ಅದಕ್ಕೆ ಮೊದಲು ಅವರು ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, ನ್ಯೂಯಾರ್ಕಿನಲ್ಲಿ ಲಾಲಾ ಲಜಪತ ರಾಯರ ಜೊತೆ ಹೋಂ ರೂಲ್ ಲೀಗಿನ ಕೆಲಸ ಮಾಡಿದರು. ಆ ಲೀಗ್ 1918ರಿಂದ ಹೊರತಂದ 'ಯಂಗ್ ಇಂಡಿಯಾ' ಪತ್ರಿಕೆಯ ಹಳೆಯ ಸಂಚಿಕೆಗಳು ಇವತ್ತು ಆನ್‌ಲೈನಿನಲ್ಲಿ ಓದಲು ಸಿಗುತ್ತವೆ. ಹುಬ್ಬಳ್ಳಿ ಕಡೆಯ ಯಾರಾದರೂ ಹುಡುಗ ಹುಡುಗಿ ಇದನ್ನು ಓದುತ್ತಿದ್ದರೆ, ಒಂದು ರಜೆ ಅದಕ್ಕೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಸ್ಯಾಂಡಿಯ ವಿಷಯಕ್ಕೆ ಬರುತ್ತೇನೆ. ಮೊನ್ನೆ ಬಸ್‌ಸ್ಟ್ಯಾಂಡ್ ಹತ್ತಿರ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಮರದ ಕೆಳಗೆ ಛತ್ರಿ ಬಿಚ್ಚಿ ಕೂರುವ ಯಜಮಾನರೊಬ್ಬರ ಹತ್ತಿರ ಹೋದೆ. ವರ್ಷಗಳಿಂದ ಪರಿಚಯ. ಅವರು ಹೊಲಿಯುವುದನ್ನೇ ನೋಡುತ್ತಾ ಕೂತೆ. ಎಡಗೈ ಚಪ್ಪಲಿ ಹಿಡಿದಿತ್ತು, ಬಲಗೈಯಲ್ಲಿ ಉಳಿ.

"ಯಜಮಾನ್ರೇ, ಎಡಗೈಯವರು ಈ ಕೆಲಸ ಮಾಡ್ಬಹುದಾ?" ಅಂತ ಕೇಳಿದೆ.

"ಮಾಡ್ತಾರೆ. ನಮ್ಮ ಚಿಕ್ಕಪ್ಪ ಒಬ್ಬ ಇದ್ದ. ಆದ್ರೆ ಅವನ ಸಾಮಾನು ಅವನಿಗೇ ಆಗ್ಬೇಕು ಮೇಡಮ್ಮೋರೆ." ಪಕ್ಕದಲ್ಲಿದ್ದ ರಂಪಿಗೆ ಎತ್ತಿ ತೋರಿಸಿದರು. ಅಲಗಿನ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ಇಳಿಜಾರು. "ನೋಡಿ, ಇದನ್ನ ಈ ಕಡೆಯಿಂದ ಮಸೆದಿರೋದು. ಎಡಗೈಯವನು ಹಿಡಿದ್ರೆ ಚರ್ಮ ಸೀಳ್ಕೊಂಡು ಹೋಗುತ್ತೆ. ಅವನು ಆ ಕಡೆಯಿಂದ ಮಸೆದು ಇಟ್ಕೋಬೇಕು. ಚಿಕ್ಕಪ್ಪನ ರಂಪಿಗೆ ನಾವು ಯಾರೂ ಮುಟ್ತಿರ್ಲಿಲ್ಲ, ನಮ್ಮದನ್ನ ಅವನು ಮುಟ್ತಿರ್ಲಿಲ್ಲ."

ಆ ಜಾಹೀರಾತನ್ನು ನಾನು ಎಷ್ಟು ಸಲ ಓದಿದ್ದೆನೋ. ಎಡಗೈ ಒಂದು ಸಾಲಿನಲ್ಲಿತ್ತು, ಸಲಕರಣೆ ಒಯ್ದದ್ದು ಇನ್ನೊಂದು ಸಾಲಿನಲ್ಲಿತ್ತು. ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಹೊಟ್ಟೆಪಾಡಿಗೆ ಕೆಲಸ ಹುಡುಕಲು ಒಯ್ದಿದ್ದಾನೆ ಎಂದು ಜೆಫರ್ಸನ್ ಊಹಿಸಿದ. ಅದು ಸರಿಯೇ ಇರಬಹುದು. ಜೊತೆಗೆ, ಯಾವ ಊರಿಗೆ ಹೋದರೂ ಬೇರೆಯವರ ಸಲಕರಣೆ ತನ್ನ ಕೈಗೆ ಬರುವುದಿಲ್ಲ ಎಂದು ಸ್ಯಾಂಡಿಗೆ ಗೊತ್ತಿದ್ದಿರಬೇಕು. ಇದು ನನ್ನ ಊಹೆ. ದಾಖಲೆಯಲ್ಲಿ ಇಲ್ಲ.

ಅವರಿಗೆ ಸ್ಯಾಂಡಿಯ ಕತೆ ಹೇಳಿದೆ. ಇನ್ನೂರೈವತ್ತು ವರ್ಷದ ಹಿಂದೆ, ಅಮೆರಿಕದಲ್ಲಿ, ಕುದುರೆ ಹತ್ತಿ ಓಡಿಹೋದ ಒಬ್ಬ ಎಡಗೈಯ ಕಸುಬುದಾರ ಎಂದೆ. ದಾರ ಎಳೆಯುವುದನ್ನು ನಿಲ್ಲಿಸಿ ಕೇಳಿದರು.

"ಸಿಕ್ಕಿಬಿದ್ನಾ?"

"ಸಿಕ್ಕಿಬಿದ್ದ. 1773ರಲ್ಲಿ ಅವನನ್ನ 100 ಪೌಂಡಿಗೆ ಇನ್ನೊಬ್ಬನಿಗೆ ಮಾರಿದ್ರು. ಯಜಮಾನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ."

ಅವರು ಏನೂ ಹೇಳಲಿಲ್ಲ. ಇನ್ನೆರಡು ಹೊಲಿಗೆ ಹಾಕಿ, ದಾರ ಕತ್ತರಿಸಿ, ಚಪ್ಪಲಿಯನ್ನು ನನ್ನ ಕಾಲ ಹತ್ತಿರ ಇಟ್ಟರು. ಆಮೇಲೆ, "ಎಡಗೈ ಅಂತ ಪೇಪರಲ್ಲೇ ಬರೆದಿದ್ರಾ? ಎಲ್ಲಿ, ತೋರ್ಸಿ" ಅಂದರು.

ಮೊಬೈಲಿನಲ್ಲಿ ಗೆಜೆಟ್‌ನ ಪುಟದ ಚಿತ್ರ ಇತ್ತು. ಎರಡು ಬೆರಳಿನಲ್ಲಿ ಅಗಲಿಸಿ ಆ ಸಾಲು ದೊಡ್ಡದು ಮಾಡಿದೆ. ಅವರು ಅಂಟು ಮೆತ್ತಿದ್ದ ಬೆರಳನ್ನು ಪಂಚೆಗೆ ಒರೆಸಿಕೊಂಡು, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಇಂಗ್ಲಿಷ್ ಅವರಿಗೆ ಓದಲು ಬರುವುದಿಲ್ಲ.

"ಇದಾ?"

"ಇಲ್ಲ, ಇನ್ನೂ ಸ್ವಲ್ಪ ಈ ಕಡೆ. ಹ್ಞಾಂ, ಇದೇ."